ಬ್ರೈನ್‌ಚಿಪ್ ಷೇರು: ‘ಒಪ್ಪಂದ ಗುಟ್ಟಾಗಿದೆ, ಹಣ ಬರಲಿದೆ’ ಎಂಬ ನಂಬಿಕೆ ಎಷ್ಟು ನಿಜ?

ಆಸ್ಟ್ರೇಲಿಯಾದ ಷೇರುಪೇಟೆಯಲ್ಲಿ ಬಿಆರ್‌ಎನ್ ಎಂಬ ಮೂರಕ್ಷರದ ಸಂಕೇತದಲ್ಲಿ ವಹಿವಾಟಾಗುವ ಒಂದು ಸಣ್ಣ ಕಂಪನಿಯಿದೆ. ಅದರ ಹೆಸರು ಬ್ರೈನ್‌ಚಿಪ್ ಹೋಲ್ಡಿಂಗ್ಸ್. ಮಿದುಳಿನ ನರಕೋಶಗಳನ್ನು ಅನುಕರಿಸಿ ಕೆಲಸ ಮಾಡುವ ಕೃತಕ ಬುದ್ಧಿಮತ್ತೆಯ ಚಿಪ್ ತನ್ನದು ಎಂದು ಅದು ಹೇಳಿಕೊಳ್ಳುತ್ತದೆ. 2021ರ ಡಿಸೆಂಬರ್ ಕೊನೆಗೆ 70 ಆಸ್ಟ್ರೇಲಿಯನ್ ಸೆಂಟ್‌ಗಳ ಆಸುಪಾಸಿನಲ್ಲಿದ್ದ ಇದರ ಷೇರು ಮುಂದಿನ ತಿಂಗಳಲ್ಲೇ 2 ಡಾಲರ್ 34 ಸೆಂಟ್ ಮುಟ್ಟಿತು. ಎರಡು ವರ್ಷ ಕಳೆಯುವಷ್ಟರಲ್ಲಿ 20 ಸೆಂಟ್‌ಗಿಂತ ಕೆಳಗಿಳಿದಿತ್ತು.

ಇಷ್ಟೇ ಆಗಿದ್ದರೆ ಇದು ಏರಿ ಇಳಿದ ನೂರಾರು ಷೇರುಗಳ ಪೈಕಿ ಇನ್ನೊಂದು. ಆದರೆ ಬ್ರೈನ್‌ಚಿಪ್‌ನ ಸಣ್ಣ ಹೂಡಿಕೆದಾರರ ಬಳಗ ಒಂದು ವಿಚಿತ್ರ ಬಳಗ. ಪೇಟೆಂಟ್ ದಾಖಲೆ ಓದುವವರು, ಕಾರು ಕಂಪನಿಯ ಎಂಜಿನಿಯರ್ ಯಾವ ಪೋಸ್ಟ್‌ಗೆ ಲೈಕ್ ಒತ್ತಿದ ಎಂದು ಗಮನಿಸುವವರು, ವಿಜ್ಞಾನ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಕಂಪನಿಯ ಹೆಸರು ಹುಡುಕುವವರು ಅಲ್ಲಿದ್ದಾರೆ. ಅವರ ಮಾತುಗಳಲ್ಲಿ ಕೆಲವು ನಂಬಿಕೆಗಳು ಮತ್ತೆ ಮತ್ತೆ ಬರುತ್ತವೆ. ಇವು ಈ ಒಂದು ಕಂಪನಿಗೆ ಸೀಮಿತವೂ ಅಲ್ಲ. ‘ಎಐ’, ‘ಸೆಮಿಕಂಡಕ್ಟರ್’ ಎಂಬ ಪದ ಅಂಟಿಕೊಂಡ ಯಾವ ಸಣ್ಣ ಷೇರಿನ ಸುತ್ತಲೂ ಕೇಳಿಬರುವಂಥವು. ಅವುಗಳನ್ನು ಒಂದೊಂದಾಗಿ ನೋಡೋಣ. (ಈ ಷೇರು ಕೊಳ್ಳಿ ಅಥವಾ ಮಾರಿ ಎಂದು ಹೇಳುವುದು ನಮ್ಮ ಉದ್ದೇಶವಲ್ಲ.)

ಮೊದಲಿಗೆ, ಚಿಪ್ ನಿಜವೇ?

ನಿಜ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಇಂಥ ಚರ್ಚೆಗಳಲ್ಲಿ ‘ಎಲ್ಲವೂ ಮೋಸ’ ಎನ್ನುವವರೂ ‘ಎಲ್ಲವೂ ಅದ್ಭುತ’ ಎನ್ನುವವರೂ ಒಂದೇ ತಪ್ಪು ಮಾಡುತ್ತಾರೆ. ತಂತ್ರಜ್ಞಾನ ಸರಿಯಿದೆಯೇ ಎಂಬ ಪ್ರಶ್ನೆಯನ್ನೂ ಷೇರಿನ ಬೆಲೆ ಸರಿಯಿದೆಯೇ ಎಂಬ ಪ್ರಶ್ನೆಯನ್ನೂ ಒಂದೇ ಎಂದುಕೊಳ್ಳುತ್ತಾರೆ.

ನರಕೋಶಗಳ ಮಾದರಿಯ ಈ ಕಂಪ್ಯೂಟಿಂಗ್‌ಗೆ ‘ನ್ಯೂರೋಮಾರ್ಫಿಕ್’ ಎಂಬ ಹೆಸರು ಕೊಟ್ಟವರು ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ವಿಜ್ಞಾನಿ ಕಾರ್ವರ್ ಮೀಡ್, 1980ರ ದಶಕದ ಕೊನೆಯಲ್ಲಿ. ಯೋಚನೆ ಸರಳ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇಡೀ ಮಿದುಳು ನಡೆಯುವುದು ಸುಮಾರು 20 ವಾಟ್ ಶಕ್ತಿಯಲ್ಲಿ. ಇಷ್ಟು ಉಳಿತಾಯಕ್ಕೆ ಒಂದು ಕಾರಣ, ಎಲ್ಲ ನರಕೋಶಗಳೂ ಎಲ್ಲ ಹೊತ್ತೂ ಕೆಲಸ ಮಾಡುವುದಿಲ್ಲ. ಹೇಳುವುದೇನಾದರೂ ಇದ್ದಾಗ ಮಾತ್ರ ಒಂದು ನರಕೋಶ ಪಕ್ಕದ್ದಕ್ಕೆ ಸಣ್ಣದೊಂದು ವಿದ್ಯುತ್ ಮಿಡಿತ ಕಳಿಸುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಈ ಮಿಡಿತಕ್ಕೆ ‘ಸ್ಪೈಕ್’ ಎನ್ನುತ್ತಾರೆ. ಬ್ರೈನ್‌ಚಿಪ್‌ನ ಚಿಪ್ಪಿನ ಹೆಸರು ಅಕಿಡ. ಅದು ಗ್ರೀಕ್ ಭಾಷೆಯಲ್ಲಿ ಮೊನೆ ಎಂಬ ಅರ್ಥದ ಪದ.

ಮನೆಯಂಗಳದ ಸಿಸಿಟಿವಿ ಕ್ಯಾಮೆರಾವನ್ನು ಯೋಚಿಸಿ. ರಾತ್ರಿಯಿಡೀ ಅಂಗಳ ಖಾಲಿ. ಮಾಮೂಲಿ ವ್ಯವಸ್ಥೆ ಪ್ರತಿ ಚಿತ್ರವನ್ನೂ ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕುತ್ತದೆ, ಅದರಲ್ಲಿ ಏನೂ ಬದಲಾಗದಿದ್ದರೂ. ಬದಲಾವಣೆಯಾದ ಜಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ, ಅಂದರೆ ಬೆಕ್ಕು ಕಾಂಪೌಂಡ್ ಹಾರಿದಾಗ ಮಾತ್ರ ಎಚ್ಚೆತ್ತರೆ, ವಿದ್ಯುತ್ ಬಹಳ ಉಳಿಯುತ್ತದೆ. ಬ್ಯಾಟರಿಯಲ್ಲಿ ನಡೆಯುವ ಸಾಧನಗಳಿಗೆ ಇದು ದೊಡ್ಡ ವಿಷಯ.

ಈ ದಾರಿಯಲ್ಲಿ ಬ್ರೈನ್‌ಚಿಪ್ ಒಂಟಿಯಲ್ಲ. ಐಬಿಎಂ 2014ರಲ್ಲಿ ಹತ್ತು ಲಕ್ಷ ನರಕೋಶಗಳ ‘ಟ್ರೂನಾರ್ತ್’ ತೋರಿಸಿತು. ಇಂಟೆಲ್ 2017ರಲ್ಲಿ ‘ಲೋಯಿಹಿ’ ಪ್ರಕಟಿಸಿತು. ಎರಡೂ ಮುಖ್ಯವಾಗಿ ಸಂಶೋಧನೆಯ ಚಿಪ್‌ಗಳಾಗಿಯೇ ಉಳಿದವು. ಅಕಿಡದ ವಿಶೇಷವೆಂದರೆ ಅದನ್ನು ಮಾರುಕಟ್ಟೆಗಾಗಿ ಮಾಡಿದ್ದು. ತೈವಾನ್‌ನ ಟಿಎಸ್‌ಎಂಸಿ ಕಾರ್ಖಾನೆಯಲ್ಲಿ 28 ನ್ಯಾನೋಮೀಟರ್ ತಂತ್ರದಲ್ಲಿ ಮೊದಲ ತಲೆಮಾರಿನ ಚಿಪ್ ತಯಾರಾಯಿತು. ಅದರಲ್ಲಿ 12 ಲಕ್ಷ ನರಕೋಶಗಳೂ 1,000 ಕೋಟಿ ಸಂಪರ್ಕಗಳೂ ಇವೆ ಎಂಬುದು ಕಂಪನಿಯ ಲೆಕ್ಕ. ಪೀಟರ್ ವ್ಯಾನ್ ಡರ್ ಮೇಡ್ ಮತ್ತು ಅನಿಲ್ ಮಾನ್ಕರ್ ಇದರ ಸ್ಥಾಪಕರು. ಕಚೇರಿ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಆಸ್ಟ್ರೇಲಿಯಾದ ಷೇರುಪೇಟೆಗೆ ಅದು ಬಂದದ್ದು 2015ರಲ್ಲಿ, ಆಗಲೇ ಅಲ್ಲಿ ನೋಂದಣಿಯಾಗಿದ್ದ ಅಜಿಯಾನಾ ಎಂಬ ಖನಿಜ ಹುಡುಕುವ ಕಂಪನಿಯೊಳಗೆ ಸೇರಿಕೊಂಡು. ಇದನ್ನು ಹಿಂಬಾಗಿಲ ನೋಂದಣಿ ಎನ್ನುತ್ತಾರೆ. ಅಕ್ರಮವೇನಲ್ಲ, ಸಣ್ಣ ಕಂಪನಿಗಳು ಹಿಡಿಯುವ ಹತ್ತಿರದ ದಾರಿ.

‘ಮಿದುಳಿನಂತೆ ಯೋಚಿಸುತ್ತದೆ’ ಎಂಬ ಮಾತಿಗೆ ಮಾತ್ರ ಒಂದು ತಿದ್ದುಪಡಿ ಬೇಕು. ಅಕಿಡದಲ್ಲಿ ಓಡುವ ಹೆಚ್ಚಿನ ಮಾದರಿಗಳಿಗೆ ಮೊದಲು ಮಾಮೂಲಿ ಕಂಪ್ಯೂಟರ್‌ನಲ್ಲಿ, ಎಲ್ಲರೂ ಬಳಸುವ ಟೆನ್ಸರ್‌ಫ್ಲೋ ತಂತ್ರಾಂಶದಲ್ಲಿಯೇ ತರಬೇತಿ ಕೊಟ್ಟು, ಆಮೇಲೆ ಈ ಚಿಪ್ಪಿಗೆ ಹೊಂದುವಂತೆ ಪರಿವರ್ತಿಸುತ್ತಾರೆ. ಮೊದಲ ತಲೆಮಾರಿನ ಚಿಪ್ ಸಂಖ್ಯೆಗಳನ್ನು 1ರಿಂದ 4 ಬಿಟ್‌ಗಳಲ್ಲಿ ಹಿಡಿದಿಡುತ್ತದೆ, ಸೊನ್ನೆಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಕೊನೆಯ ಪದರದಲ್ಲಿ ಒಂದೆರಡು ಉದಾಹರಣೆಗಳಿಂದ ಹೊಸದನ್ನು ಕಲಿಯುವ ಅನುಕೂಲವೂ ಇದೆ. ಇದು ಜಾಣತನದ ಎಂಜಿನಿಯರಿಂಗ್. ಆದರೆ ವಿದ್ಯುತ್ ಉಳಿಸುವ ಸಣ್ಣ ಚಿಪ್ ಮಾರುವವರು ಬೇರೆಯೂ ಇದ್ದಾರೆ. ಮೊಬೈಲ್ ಚಿಪ್‌ಗಳ ವಿನ್ಯಾಸಕ್ಕೆ ಹೆಸರಾದ ಆರ್ಮ್ ಕಂಪನಿಯೇ 2020ರಲ್ಲಿ ಸಣ್ಣ ಸಾಧನಗಳಿಗೆಂದು ‘ಎಥೋಸ್’ ವಿನ್ಯಾಸ ತಂದಿತು. ಸಿಂಟಿಯಂಟ್ ಎಂಬ ಇನ್ನೊಂದು ಕಂಪನಿ ಕರೆಯುವ ಪದವನ್ನು ಗುರುತಿಸುವ ಚಿಪ್‌ಗಳನ್ನು ಮಾರುತ್ತಿದೆ. ಗಿರಾಕಿಗೆ ಬೇಕಿರುವುದು ಮಿದುಳಿನ ಹೋಲಿಕೆಯಲ್ಲ, ಅಗ್ಗದಲ್ಲಿ ಕೆಲಸ ಆಗುವುದು.

ಮರ್ಸಿಡಿಸ್ ಹೇಳಿದ್ದೇನು, ಜನ ಕೇಳಿಸಿಕೊಂಡದ್ದೇನು?

2022ರ ಜನವರಿ 3ರಂದು ಮರ್ಸಿಡಿಸ್ ಬೆಂಜ್ ‘ವಿಷನ್ ಇಕ್ಯೂಎಕ್ಸ್‌ಎಕ್ಸ್’ ಎಂಬ ವಿದ್ಯುತ್ ಕಾರನ್ನು ಅನಾವರಣ ಮಾಡಿತು. ಒಂದೇ ಚಾರ್ಜ್‌ನಲ್ಲಿ ಸಾವಿರ ಕಿಲೋಮೀಟರ್ ಓಡಬೇಕು ಎಂಬ ಗುರಿಯ ಪ್ರಾಯೋಗಿಕ ಕಾರು ಅದು. ಅದೇ ಏಪ್ರಿಲ್‌ನಲ್ಲಿ ಜರ್ಮನಿಯ ಜಿಂಡೆಲ್‌ಫಿಂಗನ್‌ನಿಂದ ಫ್ರಾನ್ಸ್‌ನ ಕಡಲತೀರದ ಕಸ್ಸಿಸ್‌ವರೆಗೆ 1,008 ಕಿಲೋಮೀಟರ್ ಓಡಿಯೂ ತೋರಿಸಿತು. ಬ್ಯಾಟರಿಯ ಪ್ರತಿ ಹನಿ ಉಳಿಸಬೇಕಾದ ಕಾರಿನಲ್ಲಿ ‘ಹೇ ಮರ್ಸಿಡಿಸ್’ ಎಂಬ ಕರೆಗೆ ಸದಾ ಕಿವಿಗೊಟ್ಟಿರುವ ವ್ಯವಸ್ಥೆಗೂ ಕಡಿಮೆ ವಿದ್ಯುತ್ ಸಾಕಾಗಬೇಕು. ಆ ಕೆಲಸಕ್ಕೆ ಬ್ರೈನ್‌ಚಿಪ್‌ನ ಅಕಿಡ ಬಳಸಿದ್ದೇವೆ, ಮಾಮೂಲಿ ಧ್ವನಿ ನಿಯಂತ್ರಣಕ್ಕಿಂತ ಇದು 5ರಿಂದ 10 ಪಟ್ಟು ದಕ್ಷ ಎಂದು ಮರ್ಸಿಡಿಸ್ ತನ್ನ ಪ್ರಕಟಣೆಯಲ್ಲಿ ಹೇಳಿತು.

ಷೇರು ಹಾರಿದ್ದು ಆಗ. ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು: ಈ ಬಗೆಯ ಕಂಪ್ಯೂಟಿಂಗ್ ಇನ್ನೂ ಶೈಶವದಲ್ಲಿದೆ, ಇಂಥ ವ್ಯವಸ್ಥೆಗಳು ಮಾರುಕಟ್ಟೆಗೆ ಬರಲು ಕೆಲವು ವರ್ಷ ಬೇಕು. ಪ್ರಾಯೋಗಿಕ ಕಾರಿನಲ್ಲಿ ಒಂದು ಚಿಪ್ ಬಳಸುವುದಕ್ಕೂ ಲಕ್ಷಗಟ್ಟಲೆ ಮಾರಾಟದ ಕಾರುಗಳಲ್ಲಿ ಅದನ್ನು ಕೂರಿಸುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಕಾರಿಗೆ ಹೋಗುವ ಯಾವ ಚಿಪ್ಪೂ ಬಿಸಿಲು, ಚಳಿ, ಅಲುಗಾಟಗಳ ದೀರ್ಘ ಪರೀಕ್ಷೆ ದಾಟಬೇಕು, ವರ್ಷಗಟ್ಟಲೆ ಪೂರೈಕೆಯ ಭರವಸೆ ಇರಬೇಕು, ಬೆಲೆ ಹೊಂದಬೇಕು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಪೇಟೆಯಲ್ಲಿ ಆದದ್ದು ಅದೇ.

ಎಷ್ಟು ದೊಡ್ಡ ಕುಲಾವಿ ಎಂದರೆ, 2 ಡಾಲರ್ 34 ಸೆಂಟ್ ಬೆಲೆಯಲ್ಲಿ ಕಂಪನಿಯ ಒಟ್ಟು ಮೌಲ್ಯ ಸುಮಾರು 400 ಕೋಟಿ ಆಸ್ಟ್ರೇಲಿಯನ್ ಡಾಲರ್. 2021ರ ಇಡೀ ವರ್ಷದ ಆದಾಯ ಸುಮಾರು 16 ಲಕ್ಷ ಅಮೆರಿಕನ್ ಡಾಲರ್. ಎರಡನ್ನೂ ಒಂದೇ ನಾಣ್ಯಕ್ಕೆ ತಂದು ಭಾಗಿಸಿದರೆ ಮೌಲ್ಯ ಆದಾಯದ 1,800 ಪಟ್ಟಿನ ಹತ್ತಿರ ಬರುತ್ತದೆ. ದಿನಕ್ಕೆ ಸಾವಿರ ರೂಪಾಯಿ ವ್ಯಾಪಾರವಾಗುವ ಚಹಾದಂಗಡಿಯನ್ನು 65 ಕೋಟಿ ಕೊಟ್ಟು ಕೊಂಡ ಹಾಗೆ. ಕೊಂಡವರು ಮುಂದೆ ಅದು ಸಾವಿರಾರು ಅಂಗಡಿಗಳ ಸರಪಳಿಯಾಗುತ್ತದೆ ಎಂದು ನಂಬಿರಬೇಕು.

ಆ ವರ್ಷ ಜೂನ್‌ನಲ್ಲಿ ಕಂಪನಿ ಆಸ್ಟ್ರೇಲಿಯಾದ ಪ್ರಮುಖ ಎಎಸ್‌ಎಕ್ಸ್ 200 ಸೂಚ್ಯಂಕಕ್ಕೂ ಸೇರಿತು. ಇದನ್ನು ಅನೇಕರು ಕಂಪನಿಯ ಗುಣಮಟ್ಟಕ್ಕೆ ಸಿಕ್ಕ ಮುದ್ರೆ ಎಂದು ತಿಳಿದರು. ಹಾಗಲ್ಲ. ಸೂಚ್ಯಂಕಕ್ಕೆ ಸೇರಿಸುವಾಗ ನೋಡುವುದು ಮಾರುಕಟ್ಟೆ ಮೌಲ್ಯ ಮತ್ತು ವಹಿವಾಟಿನ ಪ್ರಮಾಣವನ್ನು. ಚಿಪ್ ಮಾರಾಟವಾಗುತ್ತಿದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬೆಲೆ ಇಳಿದ ಮೇಲೆ ಅದೇ ನಿಯಮದಂತೆ ಕಂಪನಿ ಸೂಚ್ಯಂಕದಿಂದ ಹೊರಬಿತ್ತು.

‘ಗೌಪ್ಯತೆ ಒಪ್ಪಂದ ಇದೆ, ಅದಕ್ಕೇ ಸುದ್ದಿ ಇಲ್ಲ’

ನಮ್ಮ ದೃಷ್ಟಿಯಲ್ಲಿ ಇಡೀ ಚರ್ಚೆಯ ತಿರುಳು ಇಲ್ಲಿದೆ. ಬೆಲೆ ಇಳಿದಾಗಲೆಲ್ಲ ಕೇಳಿಬರುವ ಸಮಾಧಾನ ಇದು: ದೊಡ್ಡ ಕಂಪನಿಗಳು ಗುಟ್ಟಾಗಿ ಸಹಿ ಹಾಕಿವೆ, ಗೌಪ್ಯತೆ ಒಪ್ಪಂದದಿಂದಾಗಿ ಬಾಯಿ ಬಿಡುವಂತಿಲ್ಲ, ಒಂದು ದಿನ ಎಲ್ಲ ಒಟ್ಟಿಗೆ ಹೊರಬರುತ್ತದೆ, ಅಲ್ಲಿಯವರೆಗೆ ಹಿಡಿದುಕೊಂಡವರೇ ಗೆದ್ದವರು.

ಇದರಲ್ಲಿ ಅರ್ಧ ಸತ್ಯವಿದೆ. ಚಿಪ್ ಉದ್ಯಮದಲ್ಲಿ ಗೌಪ್ಯತೆ ಒಪ್ಪಂದ ನಿಜಕ್ಕೂ ದಿನನಿತ್ಯದ ವಿಷಯ. ಮುಂದಿನ ಫೋನಿನಲ್ಲಿ ಏನಿರುತ್ತದೆ ಎಂದು ಎದುರಾಳಿಗೆ ತಿಳಿಯಬಾರದು ಎಂದು ಯಾವ ಕಂಪನಿಯೂ ಬಯಸುತ್ತದೆ.

ಇನ್ನರ್ಧ ಎಡವುವುದು ಎರಡು ಕಡೆ. ಮೊದಲನೆಯದು, ಪೇಟೆಯ ನಿಯಮ. ಷೇರಿನ ಬೆಲೆಯ ಮೇಲೆ ಗಣನೀಯ ಪರಿಣಾಮ ಬೀರುವ ಮಾಹಿತಿ ಕೈಗೆ ಬಂದ ಕೂಡಲೇ ಅದನ್ನು ಪೇಟೆಗೆ ತಿಳಿಸಬೇಕು ಎಂದು ಆಸ್ಟ್ರೇಲಿಯಾ ಷೇರುಪೇಟೆಯ 3.1ನೇ ನಿಯಮ ಹೇಳುತ್ತದೆ. ಇದಕ್ಕೆ ವಿನಾಯಿತಿ ಇದೆ: ಮಾತುಕತೆ ಇನ್ನೂ ಮುಗಿದಿಲ್ಲದಿದ್ದರೆ, ವಿಷಯ ಗುಟ್ಟಾಗಿಯೇ ಉಳಿದಿದ್ದರೆ ತಡೆದುಕೊಳ್ಳಬಹುದು. ಆದರೆ ಸಹಿಯಾಗಿ ಮುಗಿದ, ಕಂಪನಿಯ ಭವಿಷ್ಯ ಬದಲಿಸುವಂಥ ದೊಡ್ಡ ಒಪ್ಪಂದವನ್ನು ಗೌಪ್ಯತೆಯ ನೆಪದಲ್ಲಿ ವರ್ಷಗಟ್ಟಲೆ ಅಡಗಿಸಿಡಲು ಆ ವಿನಾಯಿತಿ ಜಾಗ ಕೊಡುವುದಿಲ್ಲ. ಭಾರತದಲ್ಲೂ ನೋಂದಾಯಿತ ಕಂಪನಿಗಳಿಗೆ ಸೆಬಿಯ 30ನೇ ನಿಯಮಾವಳಿ ಇದೇ ಬಗೆಯ ಹೊಣೆ ಹೊರಿಸುತ್ತದೆ.

ಎರಡನೆಯದು ಇನ್ನೂ ಸರಳ. ಗೌಪ್ಯತೆ ಒಪ್ಪಂದ ಗಿರಾಕಿಯ ಹೆಸರನ್ನು ಮುಚ್ಚಬಹುದು, ಗಿರಾಕಿ ಕೊಟ್ಟ ಹಣವನ್ನು ಮುಚ್ಚಲಾಗದು. ಇನ್ನೂ ಲಾಭ ಕಾಣದೆ ಹಣ ಖರ್ಚು ಮಾಡುತ್ತಿರುವ ಇಂಥ ಕಂಪನಿಗಳು ಆಸ್ಟ್ರೇಲಿಯಾದಲ್ಲಿ ಪ್ರತಿ ಮೂರು ತಿಂಗಳಿಗೊಮ್ಮೆ ‘ಅಪೆಂಡಿಕ್ಸ್ 4ಸಿ’ ಎಂಬ ನಗದು ಲೆಕ್ಕದ ನಮೂನೆ ತುಂಬಿ, ತ್ರೈಮಾಸಿಕ ಮುಗಿದ ಒಂದು ತಿಂಗಳೊಳಗೆ ಸಲ್ಲಿಸಬೇಕು. ಅದರ ಮೊದಲ ಸಾಲೇ ‘ಗಿರಾಕಿಗಳಿಂದ ಬಂದ ಹಣ’. ಗುಟ್ಟಿನ ಗಿರಾಕಿಯೊಬ್ಬ ಲಕ್ಷ ಚಿಪ್ ಕೊಂಡಿದ್ದರೆ ಅವನ ಹೆಸರು ಅಲ್ಲಿ ಕಾಣದು, ಅವನ ಹಣ ಕಾಣುತ್ತದೆ. ರಾಯಧನ ಬರುವುದು ಒಂದು ತ್ರೈಮಾಸಿಕ ತಡವಾಗಬಹುದು. ಹಾಗೆಂದರೂ ಗುಟ್ಟು ಉಳಿಯುವುದು ಕೆಲವು ತಿಂಗಳು, ಹಲವು ವರ್ಷಗಳಲ್ಲ.

ಲೆಕ್ಕ ಏನು ಹೇಳಿತು? 2022ರಲ್ಲಿ ಕಂಪನಿಯ ಆದಾಯ ಸುಮಾರು 50 ಲಕ್ಷ ಅಮೆರಿಕನ್ ಡಾಲರ್‌ಗೆ ಏರಿತು. ಅದನ್ನು ನೋಡಿದವರು ‘ಶುರುವಾಯಿತು’ ಎಂದರು. 2023ರಲ್ಲಿ ಅದು ಸುಮಾರು 2 ಲಕ್ಷ 32 ಸಾವಿರ ಡಾಲರ್‌ಗೆ ಕುಸಿಯಿತು. 2024ರಲ್ಲಿ ಸುಮಾರು 4 ಲಕ್ಷ ಡಾಲರ್. ಆ ಎರಡು ವರ್ಷಗಳ ನಷ್ಟ ಕ್ರಮವಾಗಿ ಸುಮಾರು 2 ಕೋಟಿ 90 ಲಕ್ಷ ಮತ್ತು 2 ಕೋಟಿ 40 ಲಕ್ಷ ಡಾಲರ್.

ಹೀಗೆ ಏರಿ ಬೀಳಲು ಕಾರಣ ವ್ಯಾಪಾರದ ಬಗೆಯಲ್ಲೇ ಇದೆ. ಬ್ರೈನ್‌ಚಿಪ್ ಮುಖ್ಯವಾಗಿ ಮಾರಲು ಹೊರಟಿದ್ದು ಚಿಪ್ಪನ್ನಲ್ಲ, ಚಿಪ್ಪಿನ ವಿನ್ಯಾಸವನ್ನು. ಕೊಂಡ ಕಂಪನಿ ಮೊದಲು ಪರವಾನಗಿ ಶುಲ್ಕ ಕೊಡುತ್ತದೆ. ಆ ವಿನ್ಯಾಸ ಸೇರಿಸಿ ತನ್ನ ಚಿಪ್ ಮಾಡಿ, ಅದು ಅಂಗಡಿಗೆ ಬಂದು, ಮಾರಾಟವಾದ ಮೇಲೆ ಪ್ರತಿ ಚಿಪ್ಪಿಗೆ ಇಷ್ಟು ಎಂದು ರಾಯಧನ. ಜಪಾನ್‌ನ ರೆನೆಸಾಸ್ 2020ರ ಡಿಸೆಂಬರ್‌ನಲ್ಲಿ, ಮೆಗಾಚಿಪ್ಸ್ 2021ರ ನವೆಂಬರ್‌ನಲ್ಲಿ ಪರವಾನಗಿ ಪಡೆದವು. ಶುಲ್ಕ ಬಂದ ವರ್ಷ ಆದಾಯ ಉಬ್ಬುತ್ತದೆ. ಅದರ ಹಿಂದೆಯೇ ರಾಯಧನ ಬರದಿದ್ದರೆ ಮುಂದಿನ ವರ್ಷ ಸಪಾಟು. ಒಂದು ವರ್ಷದ ಉಬ್ಬನ್ನು ಬೆಳವಣಿಗೆ ಎಂದು ಓದಿದವರು ತಪ್ಪು ಓದಿದರು.

ಚುಕ್ಕಿ ಜೋಡಿಸುವ ಆಟ

‘ಚುಕ್ಕಿ ಜೋಡಿಸುವುದು’ ಈ ಬಳಗದ ಮೆಚ್ಚಿನ ಕೆಲಸ. ಫ್ರಾನ್ಸ್‌ನ ವಾಹನ ಬಿಡಿಭಾಗಗಳ ಕಂಪನಿ ವ್ಯಾಲಿಯೋ 2020ರಲ್ಲಿ ಬ್ರೈನ್‌ಚಿಪ್ ಜತೆ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಂಡಿತು. ಇದು ಒಂದು ಚುಕ್ಕಿ. ವ್ಯಾಲಿಯೋ ಹೊಸ ಸೆನ್ಸರ್ ತಂದರೆ ಅದು ಎರಡನೆಯದು. ಆದ್ದರಿಂದ ಆ ಸೆನ್ಸರ್‌ನೊಳಗೆ ಅಕಿಡ ಇದ್ದೇ ಇದೆ! ಅಂಗಳದ ರಂಗೋಲಿಯಲ್ಲಿ ಚುಕ್ಕಿ ಸಾಕಷ್ಟಿದ್ದರೆ ನವಿಲನ್ನೂ ಬಿಡಿಸಬಹುದು, ತಾವರೆಯನ್ನೂ ಬಿಡಿಸಬಹುದು. ಯಾವುದನ್ನು ಬಿಡಿಸುತ್ತೇವೆ ಎಂಬುದು ಕೈಗೆ ಬಿಟ್ಟದ್ದು, ಚುಕ್ಕಿಗಲ್ಲ.

ಈ ದೌರ್ಬಲ್ಯವನ್ನು ಬ್ರಿಟಿಷ್ ಮನೋವಿಜ್ಞಾನಿ ಪೀಟರ್ ವೇಸನ್ 1960ರಲ್ಲಿ ಒಂದು ಸಣ್ಣ ಆಟದಿಂದ ತೋರಿಸಿದ್ದರು. 2-4-6 ಎಂಬ ಸಂಖ್ಯೆಗಳ ಹಿಂದೆ ಒಂದು ನಿಯಮವಿದೆ. ಬೇರೆ ಮೂರು ಮೂರು ಸಂಖ್ಯೆಗಳನ್ನು ಹೇಳುತ್ತಾ ಹೋಗಿ, ನಿಯಮಕ್ಕೆ ಹೊಂದುತ್ತವೆಯೇ ಎಂದು ತಿಳಿಸುತ್ತೇವೆ, ಖಾತ್ರಿಯಾದಾಗ ನಿಯಮ ಯಾವುದೆಂದು ಹೇಳಿ. ಜನ ‘ಎರಡೆರಡು ಕೂಡಿಸುತ್ತಾ ಹೋಗುವುದು’ ಎಂದು ಊಹಿಸಿ 8-10-12, 20-22-24 ಎಂದು ಕೇಳುತ್ತಿದ್ದರು. ಪ್ರತಿ ಸಲವೂ ‘ಹೊಂದುತ್ತದೆ’ ಎಂಬ ಉತ್ತರ. ನಿಯಮ ಸಿಕ್ಕೇಬಿಟ್ಟಿತು ಎಂದು ಹಲವರು ಘೋಷಿಸಿ ಸೋತರು. ನಿಜವಾದ ನಿಯಮ ‘ಏರುತ್ತಾ ಹೋಗುವ ಯಾವುದೇ ಮೂರು ಸಂಖ್ಯೆ’. ಅದು ತಿಳಿಯಬೇಕಿದ್ದರೆ ತಮ್ಮ ಊಹೆಗೆ ಹೊಂದದ 1-7-50ರಂಥದ್ದನ್ನು ಹೇಳಿ ನೋಡಬೇಕಿತ್ತು. ತಮ್ಮ ಊಹೆ ಸುಳ್ಳಾಗಬಹುದಾದ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಷೇರಿನ ವಿಷಯದಲ್ಲೂ ಹೀಗೆಯೇ. ಎಂಜಿನಿಯರ್ ಲೈಕ್ ಒತ್ತಿದರೆ ಒಳ್ಳೆಯ ಸುದ್ದಿ. ಒತ್ತದಿದ್ದರೆ ಗೌಪ್ಯತೆ, ಅದೂ ಒಳ್ಳೆಯ ಸುದ್ದಿ. ಬೆಲೆ ಏರಿದರೆ ದೊಡ್ಡವರಿಗೆ ಗೊತ್ತಾಗಿದೆ, ಇಳಿದರೆ ದೊಡ್ಡವರು ಅಗ್ಗದಲ್ಲಿ ಕೊಳ್ಳಲು ಬೀಳಿಸುತ್ತಿದ್ದಾರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಯಾವ ಸುದ್ದಿ ಬಂದರೂ ಅಲುಗದ ನಂಬಿಕೆಗೆ ಮುಂದಾಗುವುದನ್ನು ಹೇಳುವ ಶಕ್ತಿಯೂ ಇರುವುದಿಲ್ಲ. ಹಿಡಿದಿರುವವರು ತಮಗೆ ತಾವೇ ಹಾಕಿಕೊಳ್ಳಬಹುದಾದ ಪ್ರಶ್ನೆ ಒಂದಿದೆ: ಯಾವ ದಿನಾಂಕದೊಳಗೆ ಯಾವ ಅಂಕಿ ಕಾಣದಿದ್ದರೆ ನನ್ನ ಲೆಕ್ಕ ತಪ್ಪು ಎಂದು ಒಪ್ಪುತ್ತೇನೆ? ಕೊಳ್ಳುವ ಮುನ್ನವೇ ಬರೆದಿಟ್ಟರೆ ಮಾತ್ರ ಇದಕ್ಕೆ ಬೆಲೆ.

ಕೆಲವು ಚುಕ್ಕಿಗಳು ಗಟ್ಟಿ ಎಂಬುದನ್ನೂ ಹೇಳಬೇಕು. ಅಕಿಡ ವಿನ್ಯಾಸ ಬಳಸಿದ ಚಿಪ್ಪನ್ನು ರೆನೆಸಾಸ್ ‘ಟೇಪ್ ಔಟ್’ ಮಾಡುತ್ತಿದೆ, ಅಂದರೆ ಅಂತಿಮ ನಕ್ಷೆಯನ್ನು ಕಾರ್ಖಾನೆಗೆ ಕಳಿಸುತ್ತಿದೆ ಎಂದು 2022ರ ಡಿಸೆಂಬರ್‌ನಲ್ಲಿ ವರದಿಯಾಯಿತು. 2024ರ ಮಾರ್ಚ್‌ನಲ್ಲಿ ಸ್ಪೇಸ್‌ಎಕ್ಸ್ ರಾಕೆಟ್‌ನಲ್ಲಿ ಹೋದ ಆಸ್ಟ್ರೇಲಿಯಾದ ಆಪ್ಟಿಮಸ್ ಉಪಗ್ರಹದ ಒಂದು ಉಪಕರಣದಲ್ಲಿ ಅಕಿಡ ಚಿಪ್ ಇತ್ತು. ನಮ್ಮ ಬೆಂಗಳೂರಿನ ಟಾಟಾ ಎಲೆಕ್ಸಿ 2023ರ ಆಗಸ್ಟ್‌ನಲ್ಲಿ ಬ್ರೈನ್‌ಚಿಪ್‌ನ ಪಾಲುದಾರ ಬಳಗ ಸೇರಿತು. ಇವೆಲ್ಲ ನಿಜ, ಇವು ಯಾವುವೂ ಮಾರಾಟವಲ್ಲ. ನಕ್ಷೆ ಕಾರ್ಖಾನೆಗೆ ಹೋದ ಎಷ್ಟೋ ಚಿಪ್‌ಗಳು ಅಂಗಡಿಗೆ ಬರುವುದೇ ಇಲ್ಲ. ಉಪಗ್ರಹಕ್ಕೆ ಬೇಕಾಗುವುದು ಒಂದೆರಡು ಚಿಪ್. ‘ಪಾಲುದಾರ’ ಎಂಬ ಪದವಂತೂ ತಂತ್ರಜ್ಞಾನ ಕಂಪನಿಗಳ ಪ್ರಕಟಣೆಗಳಲ್ಲಿ ಮದುವೆ ಮನೆಯ ಆಹ್ವಾನ ಪತ್ರಿಕೆಯ ‘ಸುಖಾಗಮನ ಬಯಸುವವರು’ ಪಟ್ಟಿಯಂತೆ. ಹೆಸರಿದ್ದವರೆಲ್ಲ ಖರ್ಚು ಹಂಚಿಕೊಳ್ಳುತ್ತಾರೆ ಎಂದಲ್ಲ.

‘ಇದು ಮುಂದಿನ ಎನ್‌ವಿಡಿಯಾ’

ಎನ್‌ವಿಡಿಯಾ ಕೂಡ ಒಮ್ಮೆ ಸಣ್ಣದಿತ್ತು ಎಂಬುದು ಸರಿ. ಎಷ್ಟು ಸಣ್ಣದು? 1999ರ ಜನವರಿಯಲ್ಲಿ ಅದು 12 ಡಾಲರ್‌ಗೆ ಒಂದರಂತೆ ಷೇರು ಬಿಡುಗಡೆ ಮಾಡಿದಾಗ, ಆ ತಿಂಗಳಿಗೆ ಮುಗಿದ ವರ್ಷದಲ್ಲಿ ಅದರ ಆದಾಯ 15 ಕೋಟಿ 80 ಲಕ್ಷ ಡಾಲರ್, ಜತೆಗೆ ಸಣ್ಣ ಲಾಭ. ಅಂದರೆ ಸಾರ್ವಜನಿಕರ ಹಣ ಕೇಳುವ ಹೊತ್ತಿಗೆ ಅದರ ಚಿಪ್‌ಗಳು ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಹೋಲಿಕೆ ಅಲ್ಲಿಗೇ ಕುಂಟುತ್ತದೆ.

ಇನ್ನೊಂದು ತೊಂದರೆ, ಗೆದ್ದವರ ಹೆಸರು ಮಾತ್ರ ನಮಗೆ ನೆನಪಿರುವುದು. ಅಮೆರಿಕದ ಅರ್ಥಶಾಸ್ತ್ರಜ್ಞ ಹೆಂಡ್ರಿಕ್ ಬೆಸೆಂಬೈಂಡರ್ 1926ರಿಂದ 2016ರವರೆಗೆ ಅಲ್ಲಿನ ಪೇಟೆಯಲ್ಲಿದ್ದ ಎಲ್ಲ ಷೇರುಗಳ ಲೆಕ್ಕ ತೆಗೆದರು. ಪೇಟೆ ಒಟ್ಟಾರೆ ಸೃಷ್ಟಿಸಿದ ನಿವ್ವಳ ಸಂಪತ್ತು ಕೇವಲ ಶೇ 4ರಷ್ಟು ಕಂಪನಿಗಳಿಂದ ಬಂದಿತ್ತು. ಏಳರಲ್ಲಿ ನಾಲ್ಕು ಷೇರುಗಳು ತಮ್ಮ ಇಡೀ ಆಯುಷ್ಯದಲ್ಲಿ ಸರ್ಕಾರದ ಒಂದು ತಿಂಗಳ ಸಾಲಪತ್ರದಷ್ಟೂ ಗಳಿಸಿಕೊಡಲಿಲ್ಲ. ಆ ಶೇ 4ರೊಳಗೆ ನಮ್ಮದೂ ಇರಬಹುದು ಎಂಬ ಆಸೆ ತಪ್ಪಲ್ಲ. ಅದು ಲಾಟರಿಯ ಗುಣವುಳ್ಳ ಆಸೆ ಎಂದು ತಿಳಿದಿರಬೇಕು, ಹಾಕುವ ಹಣ ಅದಕ್ಕೆ ತಕ್ಕಷ್ಟಿರಬೇಕು. ಆಸ್ಟ್ರೇಲಿಯಾದಲ್ಲಿ ನಿವೃತ್ತಿ ನಿಧಿಯನ್ನು ತಾವೇ ನಿರ್ವಹಿಸಿಕೊಳ್ಳುವ ಅವಕಾಶವಿದೆ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಇದನ್ನು ಬಳಸುವವರಿದ್ದಾರೆ. ಅಂಥ ನಿಧಿಯ ದೊಡ್ಡ ಪಾಲು ಒಂದೇ ಇಂಥ ಷೇರಿನಲ್ಲಿದ್ದರೆ, ತಪ್ಪಿದಾಗ ಕಳೆದುಹೋಗುವುದು ಮುಪ್ಪಿನ ಅನ್ನ.

‘ಬೆಲೆ ಇಳಿದಾಗ ಇನ್ನಷ್ಟು ಕೊಂಡರೆ ನಷ್ಟ ಕಡಿಮೆಯಾಗುತ್ತದೆ’

ಸರಾಸರಿ ಬೆಲೆ ಇಳಿಯುತ್ತದೆ, ನಷ್ಟ ಇಳಿಯಬೇಕೆಂದಿಲ್ಲ. ಒಬ್ಬರು 2 ಡಾಲರ್‌ಗೆ ಸಾವಿರ ಷೇರು, 1 ಡಾಲರ್‌ಗೆ ಸಾವಿರ, 50 ಸೆಂಟ್‌ಗೆ ಸಾವಿರ ಕೊಂಡರು ಎನ್ನಿ. ಹಾಕಿದ್ದು 3,500 ಡಾಲರ್, ಸರಾಸರಿ 1 ಡಾಲರ್ 17 ಸೆಂಟ್. ಬೆಲೆ 20 ಸೆಂಟ್ ಆದಾಗ ಕೈಯಲ್ಲಿ ಉಳಿಯುವುದು 600. ಮೊದಲ ಸಾವಿರಕ್ಕೇ ನಿಲ್ಲಿಸಿದ್ದರೆ ಹೋಗುತ್ತಿದ್ದುದು 1,800 ಡಾಲರ್. ಸರಾಸರಿ ಇಳಿಸಿದ್ದರಿಂದ ಹೋದದ್ದು 2,900. ಶೇಕಡಾವಾರು ಮಾತ್ರ ನೋಡಿದರೆ 90ರಿಂದ 83ಕ್ಕೆ ‘ಸುಧಾರಿಸಿದೆ’! 2 ಡಾಲರ್ 34 ಸೆಂಟ್‌ಗೆ ಕೊಂಡವರು 20 ಸೆಂಟ್‌ನಿಂದ ಹಾಕಿದ ದುಡ್ಡಿಗೆ ಮರಳಬೇಕಾದರೆ ಷೇರು ಹನ್ನೊಂದೂವರೆ ಪಟ್ಟಿಗಿಂತ ಹೆಚ್ಚು ಏರಬೇಕು.

ನಷ್ಟದ ಷೇರನ್ನು ಬಿಡಲಾಗದ ಈ ಗುಣ ಎಲ್ಲರದ್ದೂ. ಟೆರೆನ್ಸ್ ಒಡೀನ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ದಲ್ಲಾಳಿ ಸಂಸ್ಥೆಯೊಂದರ 10,000 ಖಾತೆಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಲಾಭದಲ್ಲಿರುವ ಷೇರನ್ನು ಬೇಗ ಮಾರುತ್ತಾರೆ, ನಷ್ಟದ್ದನ್ನು ಹಿಡಿದುಕೊಂಡು ಕೂರುತ್ತಾರೆ ಎಂಬುದು ಕಂಡಿತು. ಮಾರಿದರೆ ಸೋಲನ್ನು ಒಪ್ಪಿದಂತೆ. ಮಾರದಿದ್ದರೆ ಅದು ‘ಕಾಗದದ ಮೇಲಿನ ನಷ್ಟ’.

ಷೇರು ಇಳಿಯಲು ಶಾರ್ಟ್ ಮಾರಾಟಗಾರರೇ ಕಾರಣ ಎಂಬ ಮಾತೂ ಇದೆ. ಶಾರ್ಟ್ ಮಾಡುವವರು ಷೇರನ್ನು ಎರವಲು ಪಡೆದು ಮಾರಿ, ಬೆಲೆ ಇಳಿದ ಮೇಲೆ ಕೊಂಡು ವಾಪಸು ಕೊಡುತ್ತಾರೆ. ಅವರ ಒಟ್ಟು ಪ್ರಮಾಣವನ್ನು ಆಸ್ಟ್ರೇಲಿಯಾದ ನಿಯಂತ್ರಕ ಸಂಸ್ಥೆ ಎಎಸ್‌ಐಸಿ ಕೆಲವು ದಿನಗಳ ಅಂತರದಲ್ಲಿ ಪ್ರಕಟಿಸುತ್ತಲೇ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಅವರು ಬೆಲೆಯನ್ನು ಕೆಲ ದಿನ ಒತ್ತಬಹುದು. ಗಿರಾಕಿಗಳಿಂದ ಬಂದ ಹಣದ ಸಾಲಿನಲ್ಲಿ ಅಂಕಿ ಚಿಕ್ಕದಿರುವುದಕ್ಕೆ ಅವರು ಕಾರಣರಲ್ಲ.

ಬೆಲೆಯನ್ನು ಸದ್ದಿಲ್ಲದೆ ತಿನ್ನುವುದು ಇನ್ನೊಂದಿದೆ: ಹೊಸ ಷೇರು. ಮಾರಾಟದಿಂದ ಹಣ ಬಾರದ ಕಂಪನಿ ಸಂಬಳ ಕೊಡಲು ಹೊಸ ಷೇರು ಬಿಡಲೇಬೇಕು. ಬ್ರೈನ್‌ಚಿಪ್ 2020ರ ಆಗಸ್ಟ್‌ನಿಂದ ಎಲ್‌ಡಿಎ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯೊಂದಿಗೆ ಇಂಥ ಏರ್ಪಾಡು ಇಟ್ಟುಕೊಂಡಿತು. ಹತ್ತು ಜನಕ್ಕೆ ಕೊಯ್ದ ಹಲಸಿನ ಹಣ್ಣಿಗೆ ಹನ್ನೊಂದನೆಯವರು ಬಂದು ಕೂತಂತೆ, ಹಣ್ಣು ಅಷ್ಟೇ ಇರುತ್ತದೆ, ತೊಳೆ ಕಡಿಮೆಯಾಗುತ್ತದೆ. ಕಂಪನಿ ಉಳಿಯಿತು ಎಂಬುದೂ ಷೇರುದಾರ ಉಳಿದ ಎಂಬುದೂ ಬೇರೆ ಬೇರೆ.

ಚಿಪ್ಪೇ ಇಲ್ಲದ ಚಿಪ್ ಷೇರು

ಬ್ರೈನ್‌ಚಿಪ್‌ಗೆ ಚಿಪ್ ಆದರೂ ಇದೆ. ನಮ್ಮ ಮುಂಬೈ ಪೇಟೆಯ ಆರ್‌ಆರ್‌ಪಿ ಸೆಮಿಕಂಡಕ್ಟರ್‌ನ ಕಥೆ ನೋಡಿ. ಮೊದಲು ಜಿ.ಡಿ. ಟ್ರೇಡಿಂಗ್ ಎಂಬ ಹೆಸರಿದ್ದ ಈ ಕಂಪನಿ 2024ರಲ್ಲಿ ಹೆಸರು ಬದಲಿಸಿಕೊಂಡಿತು. ಆ ವರ್ಷ ಏಪ್ರಿಲ್‌ನಲ್ಲಿ 15 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರು 2025ರ ಕೊನೆಯ ಹೊತ್ತಿಗೆ 10,000 ರೂಪಾಯಿ ದಾಟಿತು. ತಾನಿನ್ನೂ ಯಾವುದೇ ಸೆಮಿಕಂಡಕ್ಟರ್ ತಯಾರಿಕೆ ಆರಂಭಿಸಿಲ್ಲ ಎಂದು ಕಂಪನಿಯೇ 2025ರ ನವೆಂಬರ್‌ನಲ್ಲಿ ಷೇರುಪೇಟೆಗೆ ಸ್ಪಷ್ಟನೆ ಕೊಟ್ಟಿತ್ತು. ಪೇಟೆ ಅದರ ವಹಿವಾಟನ್ನು ವಾರಕ್ಕೊಮ್ಮೆಗೆ ಇಳಿಸಿತು. ಇದರ ಬಹುಪಾಲು ಷೇರು ಕೆಲವೇ ಜನರ ಕೈಯಲ್ಲಿದ್ದುದರಿಂದ ಪೇಟೆಯಲ್ಲಿ ಕೊಳ್ಳಲು ಸಿಗುತ್ತಿದ್ದುದು ಅತ್ಯಲ್ಪ. ಇಂಥ ಕಡೆ ಬೆರಳೆಣಿಕೆಯ ಜನ ಕೇಳಿದರೂ ಬೆಲೆ ಪ್ರತಿದಿನ ಮೇಲಿನ ಮಿತಿ ಮುಟ್ಟುತ್ತದೆ. ಪರದೆಯ ಮೇಲಿನ ಆ ಬೆಲೆಗೆ ಎಲ್ಲರೂ ಮಾರಲು ಹೊರಟರೆ ಕೊಳ್ಳುವವರೇ ಇರುವುದಿಲ್ಲ.

ಹೆಸರು, ಬೆಲೆಯ ಗ್ರಾಫ್, ಪಾಲುದಾರರ ಪಟ್ಟಿ ಇವಕ್ಕಿಂತ ಮೊದಲು ತೆರೆಯಬೇಕಾದದ್ದು ಲೆಕ್ಕಪತ್ರ. ಆಸ್ಟ್ರೇಲಿಯಾದ ಕಂಪನಿಯಾದರೆ ಮೇಲೆ ಹೇಳಿದ 4ಸಿ ನಮೂನೆ ಷೇರುಪೇಟೆಯ ತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಕೆಲವೇ ಪುಟ. ಮೊದಲ ಸಾಲಿನಲ್ಲಿ ಗಿರಾಕಿಗಳಿಂದ ಬಂದ ಹಣ, ಅದರ ಕೆಳಗೆ ಸಂಬಳ ಮತ್ತು ಸಂಶೋಧನೆಯ ಖರ್ಚು, ಆರನೇ ಭಾಗದಲ್ಲಿ ನಿರ್ದೇಶಕರು ಮತ್ತು ಅವರ ಸಂಬಂಧಿತರಿಗೆ ಕೊಟ್ಟ ಮೊತ್ತ, ಎಂಟನೇ ಭಾಗದಲ್ಲಿ ಇರುವ ಹಣ ಇನ್ನೆಷ್ಟು ತ್ರೈಮಾಸಿಕಕ್ಕೆ ಸಾಕು ಎಂಬ ಅಂದಾಜು. ಆ ಅಂದಾಜು ಎರಡಕ್ಕಿಂತ ಕಡಿಮೆ ಬಂದರೆ ಕಂಪನಿ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರಿಸಬೇಕು: ಖರ್ಚು ಹೀಗೇ ಮುಂದುವರಿಯುತ್ತದೆಯೇ, ಹಣ ಎತ್ತಲು ಏನು ಮಾಡಿದ್ದೀರಿ, ವ್ಯವಹಾರ ಮುಂದುವರಿಸುವ ಭರವಸೆ ಇದೆಯೇ. ಉತ್ತರ ಸಾಮಾನ್ಯವಾಗಿ ಕೆಲವೇ ಸಾಲಿನಲ್ಲಿ ಮುಗಿಯುತ್ತದೆ, ನಮೂನೆಯ ಕೊನೆಯ ಭಾಗದಲ್ಲಿ.